ಕಂಸದೊಳಗಿನ ರೋಗಿ: ಅಮೆರಿಕದ ಕೌಂಟಿ ಜೈಲು, ಆಸ್ಪತ್ರೆಯ ಬಿಲ್ಲು ಮತ್ತು ಒಂದು ವಾಕ್ಯದ ಓದು

(ಗಡಿನಾಡ ಕನ್ನಡ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಲಿಖಿತ ರೂಪ. ಮಾತಿನ ಧಾಟಿಯನ್ನು ಅಲ್ಲಲ್ಲಿ ಹಾಗೆಯೇ ಉಳಿಸಿಕೊಂಡಿದ್ದೇನೆ.)

ನನ್ನ ಧ್ವನಿ ಕೇಳ್ತಾ ಉಂಟು ಅಂತ ಭಾವಿಸ್ತೇನೆ. ಮಂಜೇಶ್ವರದಲ್ಲಿ ಬೆಳಗ್ಗಿನಿಂದ ಮಳೆ. ಮಧ್ಯೆ ನೆಟ್‌ವರ್ಕ್ ಹೋದರೆ ಎರಡು ನಿಮಿಷ ಕಾಯಿರಿ, ಮತ್ತೆ ಬರ್ತೇನೆ.

ಶೀರ್ಷಿಕೆ ನೋಡಿದ ಕೂಡಲೇ ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿದ್ದರು: ಕನ್ನಡ ಎಂ.ಎ. ಓದುವವಳಿಗೆ ಅಮೆರಿಕದ ಜೈಲಿನ ಆಸ್ಪತ್ರೆ ಖರ್ಚಿನ ಉಸಾಬರಿ ಯಾಕೆ ಅಂತ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟೇ ಮುಂದೆ ಹೋಗ್ತೇನೆ.

ಕಳೆದ ಸೆಮಿಸ್ಟರ್‌ನಲ್ಲಿ ನಾನು ಸೆರೆಮನೆ ಬರಹಗಳ ಬಗ್ಗೆ ಒಂದು ಪ್ರಬಂಧ ಬರೆಯಬೇಕಿತ್ತು. ಅದಕ್ಕಾಗಿ ಸ್ನೇಹಲತಾ ರೆಡ್ಡಿಯವರ ಜೈಲು ದಿನಚರಿಯನ್ನು ಓದಿದೆ. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಅವರನ್ನು ನಾವೆಲ್ಲ ಕಂಡಿದ್ದೇವೆ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಮೇ ತಿಂಗಳಲ್ಲಿ, ಅವರ ಬಂಧನವಾಯಿತು. ವಿಚಾರಣೆ ಇಲ್ಲದೆ ಎಂಟು ತಿಂಗಳಿಗೂ ಮೇಲೆ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇದ್ದರು. ಅವರಿಗೆ ತೀವ್ರ ಅಸ್ತಮಾ. ಬೇಕಾದ ಚಿಕಿತ್ಸೆ ಸಿಗಲಿಲ್ಲ. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಜನವರಿ 20ರಂದು ಅವರು ತೀರಿಕೊಂಡರು. ನಡುವೆ ಐದೇ ದಿನ. ಕಾಗದದ ಪ್ರಕಾರ ಅವರು ಜೈಲಿನಲ್ಲಿ ಸತ್ತವರಲ್ಲ. ಹಾಗಾದರೆ ಆ ‘ಬಿಡುಗಡೆ’ ಯಾರನ್ನು ಯಾವುದರಿಂದ ಬಿಡಿಸಿತು? ಪ್ರಬಂಧ ಮುಗಿಸಿದ ಮೇಲೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಅದೇ ಹೊತ್ತಿಗೆ ಅಮೆರಿಕದ ಅಲಬಾಮಾ ರಾಜ್ಯದ ಬಗ್ಗೆ 2019ರಲ್ಲಿ ಪತ್ರಕರ್ತರು ಮಾಡಿದ ಒಂದು ತನಿಖಾ ವರದಿ ಕಣ್ಣಿಗೆ ಬಿತ್ತು. ಅಲ್ಲಿನ ಕೆಲವು ಕೌಂಟಿ ಜೈಲುಗಳಲ್ಲಿ ಕೈದಿಗೆ ಕಾಯಿಲೆ ವಿಷಮಿಸಿದಾಗ, ಆಸ್ಪತ್ರೆಗೆ ಸೇರಿಸುವ ಮೊದಲು ತುರ್ತಾಗಿ ಜಾಮೀನು ಕೊಟ್ಟು ಬಿಟ್ಟುಬಿಡುತ್ತಿದ್ದರು. ಬಿಟ್ಟ ಮೇಲೆ ಅವನು ಕೈದಿ ಅಲ್ಲ. ಕೈದಿ ಅಲ್ಲದ ಮೇಲೆ ಆಸ್ಪತ್ರೆಯ ಬಿಲ್ಲು ಜೈಲಿನದ್ದಲ್ಲ. ಮತ್ತೆ ಅದೇ ‘ಬಿಡುಗಡೆ’ ಶಬ್ದ. ಹೀಗೆ ನಾನು ದಿನಚರಿಯಿಂದ ಕಾನೂನಿಗೆ ಬಂದೆ. ಕಾನೂನು ಓದಿದವಳಲ್ಲ ನಾನು. ಆದರೆ ಒಂದು ವಾಕ್ಯವನ್ನು ಹೇಗೆ ಓದಬೇಕು ಅಂತ ನಮಗೆ ಇಲ್ಲಿ ಕಲಿಸಿದ್ದಾರೆ. ಇವತ್ತು ಅಷ್ಟನ್ನೇ ಮಾಡ್ತೇನೆ.

ಯಾವ ಜೈಲು?

ಮೊದಲು ಒಂದು ಗೊಂದಲ ಬಿಡಿಸಬೇಕು. ಕನ್ನಡ ಪತ್ರಿಕೆಗಳಲ್ಲಿ ಅಮೆರಿಕದ ‘ಜೈಲ್’ ಮತ್ತು ‘ಪ್ರಿಸನ್’ ಎರಡೂ ‘ಜೈಲು’ ಎಂದೇ ಬರ್ತವೆ. ಅಲ್ಲಿ ಅವು ಬೇರೆ ಬೇರೆ. ಪ್ರಿಸನ್ ಅಂದರೆ ಶಿಕ್ಷೆಯಾದವರನ್ನು ಇಡುವ ಜಾಗ. ಅದನ್ನು ರಾಜ್ಯ ಅಥವಾ ಫೆಡರಲ್ ಸರ್ಕಾರ ನಡೆಸುತ್ತದೆ. ಜೈಲ್ ಹೆಚ್ಚಿನ ಕಡೆ ಕೌಂಟಿಯದ್ದು. ಕೌಂಟಿ ಎಂದರೆ ಸುಮಾರಾಗಿ ನಮ್ಮ ತಾಲೂಕು–ಜಿಲ್ಲೆಗಳ ನಡುವಿನ ಒಂದು ಘಟಕ ಅಂತ ಇಟ್ಟುಕೊಳ್ಳಿ. ಅಂಥವು ದೇಶದಲ್ಲಿ ಮೂರು ಸಾವಿರಕ್ಕೂ ಮೇಲೆ ಉಂಟು. ಜೈಲನ್ನು ನೋಡಿಕೊಳ್ಳುವುದು ಸಾಮಾನ್ಯವಾಗಿ ಚುನಾಯಿತನಾದ ಶೆರಿಫ್. ಹಣ ಬರುವುದು ಬಹುಪಾಲು ಕೌಂಟಿಯ ಬೊಕ್ಕಸದಿಂದ, ಅಂದರೆ ಊರವರ ಆಸ್ತಿ ತೆರಿಗೆಯಂಥ ಮೂಲಗಳಿಂದ. ನಮ್ಮ ಸಬ್‌ಜೈಲನ್ನು ನೆನೆಸಿಕೊಂಡರೆ ಚಿತ್ರ ಹೆಚ್ಚು ಸರಿ ಬರ್ತದೆ.

2022ರ ನಡುವಿನ ಸರ್ಕಾರಿ ಲೆಕ್ಕದಂತೆ ಇಂಥ ಸ್ಥಳೀಯ ಜೈಲುಗಳಲ್ಲಿ ಒಂದು ದಿನಕ್ಕೆ ಇದ್ದವರು ಸುಮಾರು 6 ಲಕ್ಷ 63 ಸಾವಿರ ಮಂದಿ. ಅವರಲ್ಲಿ ಹತ್ತರಲ್ಲಿ ಏಳು ಮಂದಿಗೆ ಇನ್ನೂ ಅಪರಾಧ ಸಾಬೀತಾಗಿಲ್ಲ. ವಿಚಾರಣೆಗೆ ಕಾಯ್ತಾ ಇರುವವರು. ಅನೇಕರು ಒಳಗಿರುವುದು ಜಾಮೀನಿಗೆ ಕಟ್ಟಲು ದುಡ್ಡಿಲ್ಲ ಎಂಬ ಕಾರಣಕ್ಕೆ. ನಾನು ಮುಂದೆ ಹೇಳುವುದನ್ನೆಲ್ಲ ಈ ಹತ್ತರಲ್ಲಿ ಏಳು ಮಂದಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೇಳಬೇಕು.

ವಾಕ್ಯ ಮತ್ತು ಅದರ ಕಂಸ

1965ರಲ್ಲಿ ಅಮೆರಿಕದಲ್ಲಿ ಮೆಡಿಕೇಡ್ ಯೋಜನೆ ಬಂತು. ಬಡವರ ಚಿಕಿತ್ಸೆಗೆ ಫೆಡರಲ್ ಸರ್ಕಾರ ಮತ್ತು ರಾಜ್ಯ ಸರ್ಕಾರ ಕೂಡಿ ಹಣ ಕೊಡುವ ಯೋಜನೆ ಇದು. ಆ ಕಾಯ್ದೆಯಲ್ಲಿ ಹಣ ಯಾರಿಗೆ ಸಲ್ಲುವುದಿಲ್ಲ ಎಂದು ಹೇಳುವ ಒಂದು ವಾಕ್ಯಭಾಗ ಉಂಟು. ಅದರ ಸಾರ ಇಷ್ಟು: ಸಾರ್ವಜನಿಕ ಸಂಸ್ಥೆಯ ನಿವಾಸಿಗೆ ಮಾಡಿದ ಚಿಕಿತ್ಸೆಗೆ ಈ ಹಣ ಇಲ್ಲ. ನಂತರ ಒಂದು ಕಂಸ ತೆರೆದುಕೊಳ್ಳುತ್ತದೆ. ಅದರೊಳಗೆ ಒಂದು ವಿನಾಯಿತಿ: ವೈದ್ಯಕೀಯ ಸಂಸ್ಥೆಯಲ್ಲಿ ರೋಗಿಯಾಗಿ ಇರುವಾಗಿನದ್ದು ಬಿಟ್ಟು. ಕಂಸ ಮುಚ್ಚುತ್ತದೆ. ಕೌಂಟಿ ಜೈಲಿನ ಆಸ್ಪತ್ರೆ ಖರ್ಚಿನ ಇಡೀ ಜಗಳ ಈ ಕಂಸದ ಒಳಗೆ ಉಂಟು. ದೇವಕಿಯನ್ನು ಸೆರೆಯಲ್ಲಿಟ್ಟವನ ಹೆಸರೇ ಈ ಚಿಹ್ನೆಗೂ ಬಂದದ್ದು ಕನ್ನಡದ ಆಕಸ್ಮಿಕ. ಆದರೆ ಕ್ಲಾಸಿನಲ್ಲಿ ಹೇಳಿದಾಗ ಯಾರೂ ಮರೆಯಲಿಲ್ಲ.

ಇಲ್ಲಿ ನಾನು ‘ನಿವಾಸಿ’ ಅಂದದ್ದಕ್ಕೆ ಮೂಲದಲ್ಲಿ ಇರುವ ಶಬ್ದ ‘ಇನ್‌ಮೇಟ್’. ಇವತ್ತು ಆ ಶಬ್ದ ಕೇಳಿದರೆ ಕೈದಿಯೇ ನೆನಪಾಗುವುದು. ಹಳೆಯ ಅರ್ಥ ಅದಲ್ಲ. ಒಂದೇ ಮನೆಯಲ್ಲಿ ಜೊತೆಗೆ ವಾಸ ಮಾಡುವವನು, ಬಿಡಾರದವನು ಎಂಬ ಅರ್ಥ ಇತ್ತು. 1935ರ ಸಾಮಾಜಿಕ ಭದ್ರತಾ ಕಾಯ್ದೆಯಲ್ಲಿ ವೃದ್ಧರ ನೆರವಿನ ಹಣದ ಬಗ್ಗೆ ಹೇಳುವಾಗಲೂ ಇದೇ ಶಬ್ದಗಳು ಬಂದಿದ್ದವು: ಸಾರ್ವಜನಿಕ ಸಂಸ್ಥೆಯ ನಿವಾಸಿಗೆ ಈ ನೆರವು ಇಲ್ಲ. ಆಗ ಎದುರಿಗೆ ಇದ್ದದ್ದು ಕೌಂಟಿಗಳು ನಡೆಸುತ್ತಿದ್ದ ಬಡವರ ಆಶ್ರಯಮನೆಗಳು. ಆ ಮನೆಗಳ ಖರ್ಚು ಊರಿನದ್ದು, ಅದನ್ನು ಫೆಡರಲ್ ಬೊಕ್ಕಸಕ್ಕೆ ದಾಟಿಸಬಾರದು ಎಂಬುದು ಅದರ ಹಿಂದಿನ ವಿಚಾರ. ಮೂವತ್ತು ವರ್ಷದ ಮೇಲೆ ಅದೇ ಶಬ್ದಗಳು ಮೆಡಿಕೇಡ್ ಕಾಯ್ದೆಗೆ ಬಂದವು. ಆಶ್ರಯಮನೆಗಳು ಕಾಲಕ್ರಮೇಣ ಮುಚ್ಚಿಹೋದವು. ಶಬ್ದ ಮಾತ್ರ ಉಳಿಯಿತು, ಮತ್ತು ಅದರ ಭಾರ ಜೈಲಿನಲ್ಲಿರುವವರ ಮೇಲೆ ಬಿತ್ತು. ಅರ್ಥಸಂಕೋಚ ಎಂದು ನಾವು ಭಾಷಾವಿಜ್ಞಾನದ ಪತ್ರಿಕೆಯಲ್ಲಿ ಐದು ಅಂಕಕ್ಕೆ ಬರೆಯುವ ಸಂಗತಿ. ಇಲ್ಲಿ ಅದಕ್ಕೆ ಡಾಲರಿನ ಲೆಕ್ಕ ಉಂಟು.

ಒಳರೋಗಿ, ಹೊರರೋಗಿ

ಕಂಸದ ಒಳಗಿನ ಮಾತು ಬಹುಕಾಲ ಹೆಚ್ಚಿನವರ ಗಮನಕ್ಕೆ ಬರಲಿಲ್ಲ. 1997ರಲ್ಲಿ ಫೆಡರಲ್ ಆರೋಗ್ಯ ಆಡಳಿತ ಒಂದು ಪತ್ರ ಬರೆದು ಅದನ್ನು ಬಿಡಿಸಿ ಹೇಳಿತು: ಕೈದಿಯನ್ನು ಜೈಲಿನ ಹೊರಗಿನ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲು ಮಾಡಿದರೆ ಆ ದಿನಗಳ ಖರ್ಚಿಗೆ ಮೆಡಿಕೇಡ್ ಹಣ ಸಲ್ಲಬಹುದು. ಒಳರೋಗಿ ಎಂದರೆ 24 ಗಂಟೆ ಅಥವಾ ಹೆಚ್ಚು ಕಾಲ ಆಸ್ಪತ್ರೆಯಲ್ಲಿ ಇರುವವನು, ಅಥವಾ ಇರಬೇಕಾದೀತು ಎಂದು ಆಸ್ಪತ್ರೆ ನಿರೀಕ್ಷಿಸಿದವನು. ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗ್ತದೆ. ಹಾಗೆ ನಿರೀಕ್ಷಿಸಿದ ರೋಗಿ 24 ಗಂಟೆ ತುಂಬುವ ಮೊದಲೇ ಸತ್ತರೂ ಅವನನ್ನು ಒಳರೋಗಿ ಎಂದೇ ಎಣಿಸಬೇಕು. ಬರೆದವರು ಎಲ್ಲವನ್ನೂ ಯೋಚನೆ ಮಾಡಿದ್ದಾರೆ.

ಆಗಲೂ ದೊಡ್ಡ ವ್ಯತ್ಯಾಸ ಆಗಲಿಲ್ಲ. ಯಾಕೆಂದರೆ ಮಕ್ಕಳಿಲ್ಲದ, ಅಂಗವೈಕಲ್ಯ ಇಲ್ಲದ ಬಡ ವಯಸ್ಕರಿಗೆ ಹೆಚ್ಚಿನ ರಾಜ್ಯಗಳಲ್ಲಿ ಮೆಡಿಕೇಡ್ ಅರ್ಹತೆಯೇ ಇರಲಿಲ್ಲ. ಜೈಲಿನಲ್ಲಿ ಇದ್ದವರು ಹೆಚ್ಚಾಗಿ ಅಂಥವರೇ. 2014ರಲ್ಲಿ ಒಬಾಮ ಕಾಲದ ಆರೋಗ್ಯ ಕಾಯ್ದೆಯಿಂದ ಅರ್ಹತೆ ವಿಸ್ತಾರವಾದಾಗ ಕೌಂಟಿಗಳ ಕಣ್ಣು ಈ ಕಂಸದ ಮೇಲೆ ಬಿತ್ತು. ಹೊಸದಾಗಿ ಅರ್ಹರಾದವರ ಖರ್ಚಿನಲ್ಲಿ ಈಗ ನೂರಕ್ಕೆ 90 ಪಾಲು ಫೆಡರಲ್ ಸರ್ಕಾರದ್ದು. ಆದರೆ ವಿಸ್ತರಣೆಯನ್ನು ಒಪ್ಪುವುದು ಬಿಡುವುದು ರಾಜ್ಯದ ಇಷ್ಟ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿತ್ತು. ಟೆಕ್ಸಾಸ್, ಫ್ಲೋರಿಡಾದಂಥ ದೊಡ್ಡ ರಾಜ್ಯಗಳು ಒಪ್ಪಲಿಲ್ಲ.

ಈಗ ಒಂದು ಉದಾಹರಣೆ ತಗೊಳ್ಳುವ. ಜೈಲಿನಲ್ಲಿರುವ ಒಬ್ಬನಿಗೆ ಹೃದಯಾಘಾತ ಆಗಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ. ಅವನು ಅರ್ಹನಾಗಿದ್ದರೆ ಮೆಡಿಕೇಡ್ ಕೊಡುತ್ತದೆ. ಇನ್ನೊಬ್ಬನಿಗೆ ಮೂತ್ರಪಿಂಡ ಕೆಲಸ ಮಾಡುವುದಿಲ್ಲ. ವಾರಕ್ಕೆ ಮೂರು ಸಲ ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್ ಬೇಕು. ಪ್ರತಿ ಸಲವೂ ಅವನು ಹೊರರೋಗಿ. ಎಷ್ಟು ತಿಂಗಳು ಹೋಗಿ ಬಂದರೂ ಅವನ ಗಡಿಯಾರ 24 ಗಂಟೆ ತೋರಿಸುವುದಿಲ್ಲ. ಎಲ್ಲ ಖರ್ಚೂ ಕೌಂಟಿಯ ಮೇಲೆ. ಹೊರರೋಗಿಯಾಗಿ ಪಡೆಯುವ ಕೀಮೋಥೆರಪಿ, ತುರ್ತು ವಿಭಾಗದಲ್ಲಿ ಆರು ಗಂಟೆ ಇಟ್ಟು ಹಿಂದೆ ಕಳಿಸಿದ ಪ್ರಕರಣ, ಜೈಲಿನ ಒಳಗೇ ಕೊಡುವ ಇನ್ಸುಲಿನ್ ಎಲ್ಲ ಹಾಗೆಯೇ. ಜೈಲಿನ ಒಳಗೆ ಇರುವವನು ಆಸ್ಪತ್ರೆಯಲ್ಲೂ ಒಳಗಿನವನಾದರೆ ಮಾತ್ರ ಈ ಹಣ ಉಂಟು. ಕಾಯಿಲೆ ಕೈಮೀರುವ ಮೊದಲು ನೋಡಿದರೆ ಊರಿನ ಖರ್ಚು, ಕೈಮೀರಿ ಮಲಗಿದ ಮೇಲೆ ನೋಡಿದರೆ ದೇಶದ ಖರ್ಚು. ಇಂಥ ಲೆಕ್ಕ ಇದ್ದಲ್ಲಿ ಸಣ್ಣ ಕಾಯಿಲೆಗೆ ಬೇಗ ಮದ್ದು ಮಾಡಲು ಯಾರಿಗೆ ಉತ್ಸಾಹ ಬಂದೀತು?

ಹಕ್ಕು ಉಂಟು, ಬಿಲ್ಲು ಯಾರದ್ದು?

ಇನ್ನು ಎರಡು ತೀರ್ಪುಗಳು. 1973ರಲ್ಲಿ ಟೆಕ್ಸಾಸಿನ ಒಂದು ಕಾರಾಗೃಹದಲ್ಲಿ ಕೆಲಸ ಮಾಡುವಾಗ ಗ್ಯಾಂಬಲ್ ಎಂಬ ಕೈದಿಯ ಮೇಲೆ ಹತ್ತಿಯ ಬೇಲು ಬಿತ್ತು. ಬೆನ್ನು ನೋವಿಗೆ ಸರಿಯಾದ ಚಿಕಿತ್ಸೆ ಸಿಗಲಿಲ್ಲ ಎಂದು ಅವನು ಕೈಯಲ್ಲೇ ಅರ್ಜಿ ಬರೆದ. ಅದು ಸುಪ್ರೀಂ ಕೋರ್ಟಿಗೆ ಹೋಯಿತು. 1976ರಲ್ಲಿ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಬರೆದ ತೀರ್ಪು, ಕೈದಿಯ ಗಂಭೀರ ಕಾಯಿಲೆಯನ್ನು ಬೇಕೆಂದೇ ಉಪೇಕ್ಷಿಸುವುದು ಸಂವಿಧಾನ ನಿಷೇಧಿಸಿದ ಕ್ರೂರ ಶಿಕ್ಷೆ ಎಂದು ಹೇಳಿತು. ಅಮೆರಿಕದಲ್ಲಿ ಚಿಕಿತ್ಸೆಗೆ ಸಾಂವಿಧಾನಿಕ ಹಕ್ಕು ಇರುವುದು ಕೈದಿಗೆ ಮಾತ್ರ ಎಂದು ಅಲ್ಲಿನವರು ಕಟಕಿಯಾಗಿ ಹೇಳುವುದು ಇದನ್ನೇ. ಆದರೆ ಗ್ಯಾಂಬಲ್ ಗೆಲ್ಲಲಿಲ್ಲ. ಮೂರು ತಿಂಗಳಲ್ಲಿ ಹದಿನೇಳು ಸಲ ಅವನನ್ನು ವೈದ್ಯಕೀಯ ಸಿಬ್ಬಂದಿ ನೋಡಿದ್ದರು. ಎಕ್ಸ್‌ರೇ ತೆಗೆಯದ್ದು ಹೆಚ್ಚೆಂದರೆ ವೃತ್ತಿಯ ಲೋಪ, ಉಪೇಕ್ಷೆ ಅಲ್ಲ ಎಂದಿತು ಕೋರ್ಟು. ಹಕ್ಕಿಗೆ ಅವನ ಹೆಸರು ಬಂತು, ಅವನಿಗೆ ಹಕ್ಕು ದಕ್ಕಲಿಲ್ಲ.

ಎರಡನೆಯದು 1983ರದ್ದು. ಮ್ಯಾಸಚೂಸೆಟ್ಸ್ ರಾಜ್ಯದ ರಿವಿಯರ್ ನಗರದಲ್ಲಿ, ಓಡಿಹೋಗುತ್ತಿದ್ದ ಒಬ್ಬ ಶಂಕಿತನಿಗೆ ಪೊಲೀಸರು ಗುಂಡು ಹೊಡೆದು ಆಸ್ಪತ್ರೆಗೆ ಸೇರಿಸಿದರು. ಆಸ್ಪತ್ರೆ ನಗರಕ್ಕೆ ಬಿಲ್ಲು ಕಳಿಸಿತು, ನಗರ ಕೊಡಲಿಲ್ಲ. ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಬಂಧನದಲ್ಲಿ ಗಾಯಗೊಂಡವನಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು ಸರ್ಕಾರದ ಸಾಂವಿಧಾನಿಕ ಹೊಣೆ. ಆದರೆ ಖರ್ಚನ್ನು ನಗರ ಮತ್ತು ಆಸ್ಪತ್ರೆ ಹೇಗೆ ಹಂಚಿಕೊಳ್ಳಬೇಕು ಎಂಬುದು ಸಂವಿಧಾನದ ಪ್ರಶ್ನೆಯಲ್ಲ, ರಾಜ್ಯದ ಕಾನೂನಿನ ಪ್ರಶ್ನೆ.

ಈ ಎರಡು ತೀರ್ಪುಗಳನ್ನು ಒಟ್ಟಿಗೆ ಇಟ್ಟು ಓದಿದರೆ ವ್ಯಾಕರಣ ಸ್ಪಷ್ಟ ಆಗ್ತದೆ. ‘ಚಿಕಿತ್ಸೆ ಸಿಗಬೇಕು’ ಎಂಬ ವಾಕ್ಯ ಉಂಟು. ‘ಇಂಥವರು ಹಣ ಕೊಡಬೇಕು’ ಎಂಬ ವಾಕ್ಯ ಅಲ್ಲಿ ಇಲ್ಲ. ಕರ್ತೃ ಇಲ್ಲದ ಕರ್ತವ್ಯ ಇದು. ಅಲಬಾಮಾದ ತುರ್ತು ಜಾಮೀನು ಹುಟ್ಟಿದ್ದು ಈ ಖಾಲಿ ಜಾಗದಲ್ಲಿ.

ಒಂದು ಆಕ್ಷೇಪ

ಇದನ್ನು ಮೊದಲು ನಮ್ಮ ಸರ್ ಒಬ್ಬರಿಗೆ ಓದಿ ಹೇಳಿದ್ದೆ. ಅವರು ಒಂದು ಆಕ್ಷೇಪ ಎತ್ತಿದರು. ಅದು ಗಟ್ಟಿಯಾದದ್ದು, ಹಾಗಾಗಿ ಇಲ್ಲಿ ಹೇಳಲೇಬೇಕು. “ಯಾರು ಹಿಡಿದು ಒಳಗೆ ಹಾಕ್ತಾರೋ ಅವರೇ ಖರ್ಚು ಕೊಡ್ಲಿ ಮಾರಾಯ್ತಿ. ದಿಲ್ಲಿಯಿಂದಲೋ ವಾಷಿಂಗ್ಟನ್ನಿನಿಂದಲೋ ದುಡ್ಡು ಬರ್ತದೆ ಅಂತಾದರೆ ಊರಿನವರು ಇನ್ನೂ ಧಾರಾಳವಾಗಿ ಹಿಡಿದು ಹಾಕ್ತಾರೆ. ಖರ್ಚಿನ ಹೆದರಿಕೆ ಇದ್ದರೆ ಅನಗತ್ಯ ಬಂಧನ ಕಡಿಮೆ ಆದೀತು.”

ತರ್ಕ ಸರಿ ಉಂಟು. ಆದರೆ ಅದು ನಡೆಯಬೇಕಾದರೆ ಹಿಡಿಯುವವರೂ ಖರ್ಚು ಕೊಡುವವರೂ ಒಬ್ಬರೇ ಆಗಿರಬೇಕು. ಅಲ್ಲಿ ಹಾಗಿಲ್ಲ. ಹಿಡಿಯುವುದು ಅನೇಕ ಕಡೆ ನಗರದ ಪೊಲೀಸು. ಜಾಮೀನಿನ ಮೊತ್ತ ಹೇಳುವುದು ನ್ಯಾಯಾಧೀಶ. ಮೊಕದ್ದಮೆ ನಡೆಸುವುದು ಸರ್ಕಾರಿ ವಕೀಲ. ಬಿಲ್ಲು ಬರುವುದು ಶೆರಿಫನ ಮೇಜಿಗೆ, ಕೌಂಟಿ ಮಂಡಳಿಯ ಬಜೆಟ್ಟಿಗೆ. ಬಂಧನವನ್ನು ನಿಲ್ಲಿಸುವ ಅಧಿಕಾರ ಶೆರಿಫನಿಗೆ ಕಡಿಮೆ. ಆಂಬುಲೆನ್ಸ್ ಕರೆಯುವುದನ್ನು ತಡಮಾಡುವ ಅವಕಾಶ ಅವನ ಸಿಬ್ಬಂದಿಗೆ ಉಂಟು. ಹಾಗಾಗಿ ಖರ್ಚಿನ ಹೆದರಿಕೆ ಬಂಧನವನ್ನು ತಡೆಯುವ ಬದಲು ಚಿಕಿತ್ಸೆಯನ್ನು ತಡೆಯುತ್ತದೆ. ಸರ್ ಹೇಳಿದ ಹೆದರಿಕೆ ಕೊನೆಗೆ ಬಂದು ಕೂರುವುದು ರೋಗಿಯ ಎದೆಯ ಮೇಲೆ.

ನನ್ನ ಮುಖ್ಯ ಮಾತು ಇಲ್ಲಿ ಬರ್ತದೆ. ಒಂದೇ ದಿನ, ಒಂದೇ ಆರೋಪದಲ್ಲಿ ಇಬ್ಬರನ್ನು ಹಿಡಿದರು ಅಂತ ಇಟ್ಟುಕೊಳ್ಳಿ. ಇಬ್ಬರಿಗೂ ಮಧುಮೇಹ, ಇಬ್ಬರಿಗೂ ಮೆಡಿಕೇಡ್ ಉಂಟು. ಒಬ್ಬನ ಮನೆಯವರು ಹೇಗೋ ಸಾಲ ಮಾಡಿ ಜಾಮೀನು ಕಟ್ಟಿದರು. ಅವನು ಮನೆಗೆ ಹೋದ, ಅವನ ಮೆಡಿಕೇಡ್ ಹಾಗೆಯೇ ಉಳಿಯಿತು. ಇನ್ನೊಬ್ಬನಿಗೆ ಕಟ್ಟುವವರಿಲ್ಲ, ಒಳಗೆ ಉಳಿದ, ಮೆಡಿಕೇಡ್ ನಿಂತಿತು. ಕಾನೂನಿನ ಕಣ್ಣಿಗೆ ಇಬ್ಬರೂ ನಿರಪರಾಧಿಗಳು. ಬೊಕ್ಕಸದ ಕಣ್ಣಿಗೆ ಮಾತ್ರ ಒಬ್ಬ ನಾಗರಿಕ, ಇನ್ನೊಬ್ಬ ‘ನಿವಾಸಿ’. ಬಡವರಿಗಾಗಿಯೇ ಮಾಡಿದ ಯೋಜನೆ, ಇಬ್ಬರಲ್ಲಿ ಹೆಚ್ಚು ಬಡವನಾದವನ ಕೈಯನ್ನು ಬಿಡುತ್ತದೆ. ಶಿಕ್ಷೆಯಾದವರ ವಿಷಯದಲ್ಲಿ ಬೇರೆ ವಾದಗಳು ಇರಬಹುದು. ಹತ್ತರಲ್ಲಿ ಏಳು ಮಂದಿಯ ವಿಷಯದಲ್ಲಿ ಈ ವಾಕ್ಯವನ್ನು ಸಮರ್ಥಿಸಲು ನನಗೆ ಯಾವ ದಾರಿಯೂ ಕಾಣಲಿಲ್ಲ.

ಬದಲಾವಣೆ ಏನೂ ಆಗಿಲ್ಲ ಅಂತಲ್ಲ. 2023ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಒಂದು ವಿಶೇಷ ಅನುಮತಿ ಸಿಕ್ಕಿತು: ಅರ್ಹರಾದ ಕೈದಿಗಳಿಗೆ ಬಿಡುಗಡೆಯ ಮುಂಚಿನ 90 ದಿನಗಳವರೆಗೆ ಕೆಲವು ಸೇವೆಗಳಿಗೆ ಮೆಡಿಕೇಡ್ ಹಣ. ಅಂಥ ಅನುಮತಿ ಪಡೆದ ಮೊದಲ ರಾಜ್ಯ ಅದು; ಆಮೇಲೆ ಬೇರೆ ರಾಜ್ಯಗಳಿಗೂ ಸಿಕ್ಕಿತು. ಒಳಗೆ ಹೋದ ಕೂಡಲೇ ಹೆಸರನ್ನೇ ಅಳಿಸಿಹಾಕುವ ಪದ್ಧತಿ ಬಿಟ್ಟು, ತಾತ್ಕಾಲಿಕವಾಗಿ ತಡೆಹಿಡಿಯಬೇಕು ಎಂಬ ನಿಯಮವೂ ಬಂತು. ಇದು ಯಾಕೆ ಮುಖ್ಯ ಎಂದರೆ, ವಾಷಿಂಗ್ಟನ್ ರಾಜ್ಯದ ಕಾರಾಗೃಹಗಳಿಂದ ಹೊರಬಂದವರ ಬಗ್ಗೆ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಿಡುಗಡೆಯ ಮೊದಲ ಎರಡು ವಾರಗಳಲ್ಲಿ ಅವರ ಸಾವಿನ ಅಪಾಯ ಇತರರಿಗಿಂತ ಹನ್ನೆರಡು ಪಟ್ಟಿಗೂ ಹೆಚ್ಚು ಎಂದು ಕಂಡಿತ್ತು. ಸ್ನೇಹಲತಾ ರೆಡ್ಡಿಯವರ ಐದು ದಿನ ನನಗೆ ಮತ್ತೆ ನೆನಪಾದದ್ದು ಇದನ್ನು ಓದಿದಾಗ.

ನಮ್ಮ ಕಡೆಯಿಂದ ನೋಡಿದರೆ

ಕಾಸರಗೋಡಿನವರಿಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರು. 2020ರ ಮಾರ್ಚ್‌ನಲ್ಲಿ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಆಸ್ಪತ್ರೆಗೆ ಹೋಗಲಾಗದೆ ನಮ್ಮ ಜಿಲ್ಲೆಯಲ್ಲಿ ಜನ ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತುರ್ತು ಚಿಕಿತ್ಸೆಯವರಿಗೆ ದಾರಿ ಬಿಡಿಸಲು ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ತಲಪಾಡಿಯ ಆ ಮಣ್ಣಿನ ರಾಶಿಯನ್ನೂ ಕೌಂಟಿ ಜೈಲನ್ನೂ ಒಂದೇ ತಕ್ಕಡಿಯಲ್ಲಿ ಇಡುವ ಆಸೆ ನನಗಿಲ್ಲ. ನಾವು ಯಾರ ಸೆರೆಯಲ್ಲೂ ಇರಲಿಲ್ಲ. ಆದರೆ ಎರಡು ಸರ್ಕಾರಗಳ ನಡುವೆ ರೋಗಿ ನಿಂತಾಗ ಮೊದಲು ಬರುವ ಪ್ರಶ್ನೆ ಯಾವುದು ಅಂತ ನಮಗೆ ಗೊತ್ತು. ಕೆಲವು ವರ್ಷಗಳ ಹಿಂದೆ ಅಪ್ಪನನ್ನು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದಾಗ, ಹೆಸರು ಬೇಡ, ಕೌಂಟರಿನಲ್ಲಿ ‘ಎಲ್ಲಿ ನೋವು’ ಎಂದು ಕೇಳುವ ಮೊದಲು ‘ಯಾವ ರಾಜ್ಯದ ಕಾರ್ಡು’ ಎಂದು ಕೇಳಿದ್ದರು. ಆ ಪ್ರಶ್ನೆಗಳ ಕ್ರಮ ನನಗೆ ಮರೆತಿಲ್ಲ. ದೂರದ ಒಂದು ಕಾಯ್ದೆಯ ಕಂಸವನ್ನು ಇಷ್ಟು ಹೊತ್ತು ಓದಿಸಿದ್ದು ಅದೇ.

ಚರ್ಚೆಯಲ್ಲಿ ಹೊಸೂರಿನ ಗೆಳತಿಯೊಬ್ಬರು ಕೇಳಿದ ಪ್ರಶ್ನೆಯೊಂದಿಗೆ ಮುಗಿಸ್ತೇನೆ. “ಹಾಗಾದ್ರೆ ಆ ಕಂಸ ತೆಗೆದುಬಿಟ್ರೆ ಸಾಕಾ?” ಅಂತ ಕೇಳಿದರು. ಕಂಸ ತೆಗೆದರೆ ಈಗ ಸಿಗುವ 24 ಗಂಟೆಯ ಹಣವೂ ಹೋಗ್ತದೆ. ತೆಗೆಯಬೇಕಾದ್ದು ಅದರ ಹೊರಗಿನ ಮಾತನ್ನು, ಕನಿಷ್ಠಪಕ್ಷ ಅಪರಾಧ ಸಾಬೀತಾಗದವರ ಮಟ್ಟಿಗೆ. ಕೌಂಟಿಗಳ ರಾಷ್ಟ್ರೀಯ ಸಂಘವೂ ಇದನ್ನೇ ಕೇಳುತ್ತಾ ಬಂದಿದೆ. ಅವರ ಕಾರಣ ಬಜೆಟ್ಟು, ನನ್ನ ಕಾರಣ ಬೇರೆ, ಬೇಡಿಕೆ ಒಂದೇ. ಹಣ ಬಂದ ಮಾತ್ರಕ್ಕೆ ಜೈಲಿನ ಒಳಗಿನ ಚಿಕಿತ್ಸೆ ಒಳ್ಳೆಯದಾಗಿಬಿಡ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಕಾಯಿಲೆಯವನನ್ನು ಅವಸರದಲ್ಲಿ ‘ಬಿಡುಗಡೆ’ ಮಾಡಲು ಇರುವ ಒಂದು ಕಾರಣವಾದರೂ ಇಲ್ಲವಾಗ್ತದೆ.